ಹಗ್ಗದ ಮೇಲೆ ಆಡಬಾರದ ಮಾತು

…ಇಲ್ಲ ಡಾಕ್ಟ್ರೇ, ನಾಚಿಕೆ ಪಡೋ ಅಂಥದ್ದೇನೂ ಇಲ್ಲ. ಎಲ್ಲರಿಗೂ ಆಗೋದೇ. ಬಂಡೆ ತುದೀಲಿ ಕೂತು ಕಾಲು ಕೆಳಗೆ ತೂಗಿಸಿದ ಮೇಲೆ ಮಂಡಿ ಯಾರ ಮಾತೂ ಕೇಳಲ್ಲ. ಅವಸರ ಏನು? ಕೂತಿರಿ. ಬಂಡೆ ಎಲ್ಲಿಗೂ ಹೋಗಲ್ಲ. ಕೆಳಗಿರೋ ನೆಲಾನೂ ಎಲ್ಲಿಗೂ ಹೋಗಲ್ಲ, ಅನುಮಾನ ಇದ್ರೆ ಬಗ್ಗಿ ನೋಡಿ. ಅಲ್ಲ, ಬೇಡ, ಬಗ್ಗಬೇಡಿ. ಎದುರಿಗೆ ನೋಡಿ.

ಏನು, ಬಾಯಿ ತೆಗೀತಿದ್ದೀರಾ? ಹಾಗೆಲ್ಲ ಮಾಡೋ ಹಾಗಿಲ್ಲ. ಬೆಳಿಗ್ಗೆ ನಮ್ಮನೆಯವರು ಅಷ್ಟು ಹೊತ್ತು ಪಾಠ ಹೇಳಿದ್ರಲ್ಲ, ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಕಳಿಸಿದ್ರಾ? ಹಗ್ಗಕ್ಕೆ ಕಟ್ಟಿಸಿಕೊಂಡೋರು ಆಡಬಹುದಾದ ಮಾತು ಮೂರೇ. ಬಿಗಿ, ಸಡಿಲ, ನಿಲ್ಲು. ಬೇರೆ ಏನು ಆಡಿದ್ರೂ ಕೆಳಗೆ ಹಗ್ಗ ಹಿಡಿದೋರಿಗೆ ಅರ್ಧ ಕೇಳಿಸುತ್ತೆ, ಅರ್ಧಂಬರ್ಧ ಕೇಳಿದ ಮಾತು ಪೂರ್ತಿ ಸುಳ್ಳಿಗಿಂತ ಅಪಾಯ. ನಾನು ಆಡ್ತಿದ್ದೀನಲ್ಲ ಅಂತೀರಾ? ನಾನು ಆಡಬಹುದು. ನಾನು ನಿಮ್ಮ ಹಿಂದೆ ಕಲ್ಲಿನ ಮೇಲೆ ಕೂತಿದ್ದೀನಿ, ಮೆಲ್ಲಗೆ ಆಡ್ತೀನಿ. ಹೌದು, ಅನ್ಯಾಯ. ನಿಮ್ಮ ಕುರ್ಚೀಲಿ ನೀವು ನಮಗೆ ಮಾಡೋದೂ ಇದೇ ಅಲ್ವಾ? ಬಾಯಿ ತುಂಬ ಹತ್ತಿ ತುರುಕಿ, ತುಟಿಗೆ ಕೊಕ್ಕೆ ಸಿಕ್ಕಿಸಿ, ಆಮೇಲೆ 'ಮನೇಲೆಲ್ಲ ಸೌಖ್ಯಾನಾ?' ಅಂತ ಕೇಳೋದು. ಹೋದ ವರ್ಷ ನನ್ನ ದವಡೆ ಹಲ್ಲು ಕಿತ್ತಾಗ ನೀವು ಏನೋ ಕೇಳಿದ್ರಿ, ನಾನು 'ಆಂ' ಅಂದೆ. ನೀವು 'ಒಳ್ಳೇದು, ಒಳ್ಳೇದು' ಅಂದ್ರಿ. ಸೂಜಿ ಚುಚ್ಚೋವಾಗಲೂ ಅಷ್ಟೇ. 'ಇರುವೆ ಕಚ್ಚಿದ ಹಾಗೆ, ಅಷ್ಟೇ.' ಯಾವ ಇರುವೆ ಅಂತ ಹೇಳಲಿಲ್ಲ ನೀವು. ಕಚ್ಚೋದರಲ್ಲಿ ಚಿಕ್ಕದು ದೊಡ್ಡದು ಅಂತ ಇಲ್ಲ ಡಾಕ್ಟ್ರೇ. ಅದು ಬಿ… ಅದಿರಲಿ.

ಯಾಕೆ ನಗ್ತೀರಿ? ನಾಲಿಗೆ ಕಚ್ಚಿಕೊಂಡಿದ್ದಕ್ಕಾ? ಕಚ್ಚಿಕೊಳ್ಳಲೇಬೇಕು. ಆ ಒಂದು ಮಾತು ಇಲ್ಲಿ ನಿಷೇಧ, ನನಗೂ ಸೇರಿ. ಕಾರಣ ಕಿವೀಲಿ ಹೇಳ್ತೀನಿ, ಕೆಳಗೆ ಕೇಳಿಸಬಾರದು. ನಮ್ಮನೆಯವರು ಜೀವಮಾನವೆಲ್ಲ ಲಿಫ್ಟ್ ರಿಪೇರಿ ಮಾಡಿದೋರು, ನಿಮಗೆ ಗೊತ್ತಲ್ಲ. ಎಲ್ಲರೂ ಕಟ್ಟಡದ ಕಿಟಕೀಲಿ ಹೊರಗೆ ನೋಡಿದ್ರೆ, ಇವರು ಕಟ್ಟಡದ ಹೊಟ್ಟೆಯೊಳಗೆ ಹಗ್ಗ ಕಟ್ಟಿಕೊಂಡು ನೇತಾಡಿ ಗ್ರೀಸು ಹಚ್ಚಿದೋರು. ಒಂದು ಸಲ ಮೇಲಿಂದ ಹೊಸ ಮೋಟರು ಇಳಿಸ್ತಾ ಇದ್ರಂತೆ. ಇವರು ಮೇಲಿಂದ 'ಬಿಡಬೇಡ' ಅಂತ ಕೂಗಿದ್ರಂತೆ. ನಮ್ಮ ಮಾತಲ್ಲಿ ಬೇಡ ಅನ್ನೋದು ಬಾಲದಲ್ಲಿ ಬರುತ್ತೆ ನೋಡಿ. ಲಿಫ್ಟಿನ ಬಾವಿಯ ಗಾಳಿ ಸರಿಯಾಗಿ ಆ ಬಾಲಾನೇ ಕತ್ತರಿಸಿಕೊಂಡು ಹೋಯ್ತು. ಕೆಳಗೆ ಹಗ್ಗ ಹಿಡಿದಿದ್ದವನಿಗೆ ಕೇಳಿಸಿದ್ದು ತಲೆ ಮಾತ್ರ. ವಿಧೇಯ ಮನುಷ್ಯ, ಬಿಟ್ಟ. ಪುಣ್ಯಕ್ಕೆ ಯಾರ ತಲೆ ಮೇಲೂ ಬೀಳಲಿಲ್ಲ, ಹೊಸ ಮೋಟರು ನೆಲ ಮುಟ್ಟೋ ಹೊತ್ತಿಗೆ ಹಳೇ ತಗಡಾಗಿತ್ತು. ಅವತ್ತಿಂದ ಹಗ್ಗ ಇರೋ ಕಡೆ ಆ ಮಾತು ಯಾರೂ ಆಡಬಾರದು ಅಂತ ಇವರ ಕಾನೂನು.

ಇಂಥ ಮಾತನ್ನ ನಿಷೇಧ ಮಾಡಿದ್ರೆ ನನ್ನಂಥೋಳು ಹೇಗೆ ಬದುಕೋದು, ಹೇಳಿ. ಅದು ಉಪ್ಪಿದ್ದ ಹಾಗೆ, ಎಲ್ಲದಕ್ಕೂ ಬೇಕು. ಹಾಲು ಉಕ್ಕಿತಾ, ಹೋಗಲಿ, ಅದೊಂದು ಮಾತು. ಗಿರಾಕಿ ಅಂಗಿ ಒಯ್ಯಲಿಲ್ಲವಾ, ಅದೊಂದು ಮಾತು. ಯಾರ ಮನೇಲಾದ್ರೂ ಸಾವಾದ್ರೂ ನೆಂಟರು ಬಂದು, ಚಾಪೆ ಮೇಲೆ ಕೂತು, ಆಗಿದ್ದು ಆಯ್ತು ಅಂತ ಹೇಳಿ, ಕೊನೆಗೆ ಅದನ್ನೇ ಅಂಟಿಸಿ ಎದ್ದು ಹೋಗ್ತಾರೆ. ಅವರಿಗೆ ಬಸ್ಸಿಗೆ ಹೊತ್ತಾಗಿರುತ್ತೆ.

ಹಾ, ಅಲುಗಾಡಬೇಡಿ. ನೋಡಿ, ನಡುಗ್ತಿದ್ದೀರಿ. ಎಳೆದ ಹಾಗಾಗ್ತಿದೆ. ಬೆನ್ನ ಹಿಂದೆ ಬೆಲ್ಟಿನ ಹೊಲಿಗೆ ಇನ್ನೊಂದು ಸಲ ನೋಡ್ತೀನಿ, ತಾಳಿ. ಚೆನ್ನಾಗೇ ಇದೆ. ಆದ್ರೂ ನೋಡ್ತೀನಿ. ನಾನು ಟೈಲರ್, ಹೊಲಿಗೆ ಕಂಡ್ರೆ ಕೈ ತಾನಾಗಿ ಹೋಗುತ್ತೆ.

ಗಂಡ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದು ಒಂದು ದಿನ ಊಟಕ್ಕೆ ಕೂತಾಗ ಹೇಳಿದ್ರು, ವ್ಯಾಪಾರ ಶುರು ಮಾಡೋಣ ಅಂತ. ಸಂತೋಷ, ಏನು ಮಾರೋದು ಅಂದೆ. ಸವಾಲು ಅಂದ್ರು. ದೊಡ್ಡೋರಿಗೆ ಹೊರಗೆ, ಬಯಲಲ್ಲಿ, ಒಬ್ಬೊಬ್ಬರಿಗೂ ಅವರವರ ಹೆದರಿಕೆ ನೋಡಿ ಒಂದೊಂದು ಸವಾಲು ಕೊಡೋದು. ಬಂಡೆ ಇಳಿಯೋದು, ಕಣ್ಣು ಕಟ್ಟಿಕೊಂಡು ನಡೆಯೋದು, ಫೋನಿಲ್ಲದೆ ಒಬ್ಬರೇ ಮರದ ಕೆಳಗೆ ಕೂರೋದು. ಅಲ್ಲಾ, ಇದನ್ನೇ ಮಕ್ಕಳು ಮಾಡಿದ್ರೆ ಬಯ್ದು ಒಳಗೆ ಕರೀತೀವಿ. ದೊಡ್ಡೋರು ಮಾಡಿದ್ರೆ ರಸೀದಿ ಕೊಡಬೇಕಂತೆ. ಭಯ ಬೀಳೋಕೆ ಜನ ದುಡ್ಡು ಕೊಡ್ತಾರಾ ಅಂದೆ. ನಮ್ಮನೆಗೆ ಬಂದಿದ್ರೆ ಪುಕ್ಕಟೆ ಸಿಗ್ತಿತ್ತು.

ಯೋಚನೆ ಇವರದ್ದಲ್ಲ. ನಮ್ಮ ಮಗಳದ್ದು. ಹೆಸರೂ ಅವಳೇ ಇಟ್ಟದ್ದು, ಗಟ್ಟಿ ಗುಂಡಿಗೆ ಅಂತ. ಟೈಲರ್‌ಗೆ ಗುಂಡಿ ಅಂದ್ರೆ ಅಂಗೀದು, ಗಟ್ಟಿ ಗುಂಡಿ ಹಾಕಿಕೊಡ್ತೀವಿ ಅಂತ ಬೋರ್ಡಾ ಇದು ಅಂತ ನಾನು ಕೇಳಿದೆ. ನನ್ನ ಓರಗಿತ್ತಿ ಬೋರ್ಡ್ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತು, "ಅಲ್ಲಾ ಅಕ್ಕಾ, ಜನರನ್ನ ಕರ್ಕೊಂಡು ಹೋಗ್ತಿರೋದು ಯಾವ ಗುಂಡಿಗೆ?" ಅಂದಳು. ಕ್ವಾರಿ ಗುಂಡಿಗೆ ಅಂದೆ. ಸುಳ್ಳಲ್ಲವಲ್ಲ. ನೀವೇ ನೋಡಿ, ಕಲ್ಲು ಕಿತ್ತು ಕಿತ್ತು ಹೇಗೆ ಮಾಡಿಟ್ಟು ಹೋಗಿದ್ದಾರೆ. ನಿಮಗೆ ಪರಿಚಯದ ನೋಟಾನೇ. ಹೆಸರಿನ ಕೆಳಗೆ ಇನ್ನೊಂದು ಸಾಲು, ನಿಮ್ಮ ಭಯ ನಮಗೆ ಬಿಡಿ. ಬೋರ್ಡಿನ ಮೇಲೆ ಬರೀಬಹುದಂತೆ, ಬಾಯಲ್ಲಿ ಆಡಬಾರದಂತೆ. ಇರಲಿ. ಆದ್ರೆ ನಿಮ್ಮ ಭಯ ತಗೊಂಡು ನಾವೇನು ಮಾಡೋಣ? ಇರೋದನ್ನ ಇಡೋಕೇ ಮನೇಲಿ ಜಾಗ ಇಲ್ಲ.

ಇವತ್ತು ಬೆಳಿಗ್ಗೆ ನೋಡಿದ್ರಲ್ಲ ನಮ್ಮ ವೀರರನ್ನ. ವಿಮೆ ಏಜೆಂಟರಿಗೆ ಮರದ ಕೆಳಗೆ ಮೌನವಾಗಿ ಕೂರೋ ಸವಾಲು. ನಾನು ನೀರು ಕೊಡೋಕೆ ಹೋದ್ರೆ ಮರಕ್ಕೆ ಏನೋ ವಿವರಿಸ್ತಾ ಇದ್ರು. ಮರ ಒಪ್ಪಿಕೊಂಡಿತ್ತೋ ಏನೋ, ಸುಮ್ಮನೆ ತಲೆ ಆಡಿಸ್ತಿತ್ತು. ಆಮೇಲೆ ಆ ಅತ್ತಿಗೆ ನಾದಿನಿ. ಅತ್ತಿಗೆಗೆ ಕಣ್ಣು ಕಟ್ಟಿ, ಹಿಂದಿನಿಂದ ನಾದಿನಿ ದಾರಿ ಹೇಳಬೇಕು, ನಂಬಿಕೆ ಬೆಳೆಯುತ್ತೆ ಅಂತ ನಮ್ಮನೆಯವರ ಸಿದ್ಧಾಂತ. ಬಲಕ್ಕೆ ಬಲಕ್ಕೆ ಅಂತ ಹೇಳಿ ಸೀದಾ ಮುಳ್ಳಿನ ಪೊದೆಗೆ ನುಗ್ಗಿಸಿದಳು ಮಹಾತಾಯಿ. ಎಡ ಬಲ ತಪ್ಪಿಹೋಯ್ತು ಅಂದಳು. ನಾನು ಪರದೆ ಬಟ್ಟೇಲಿ ಅಷ್ಟು ಚೆಂದ ಕಣ್ಣುಪಟ್ಟಿ ಹೊಲಿದದ್ದು ಮನೆ ಜಗಳಕ್ಕೆ ಉಪಯೋಗ ಆಯ್ತು.

ನಿಮ್ಮ ಹೆಂಡತೀನ ಮಾತ್ರ ಮೆಚ್ಚಬೇಕು. ಬಾವಿಗೆ ಕೊಡ ಇಳಿದ ಹಾಗೆ ಇಳಿದ್ರು. ಅರ್ಧ ದಾರೀಲಿ 'ನಿಲ್ಲು' ಅಂದ್ರು, ಎಲ್ಲರಿಗೂ ಗಾಬರಿ. ನಾನು ಬಗ್ಗಿ ನೋಡ್ತೀನಿ, ಏನೂ ಆಗಿಲ್ಲ, ಆರಾಮಾಗಿ ತೂಗಾಡ್ತಾ ಇದ್ದಾರೆ. ಮದುವೆ ಆದಾಗಿನಿಂದ ಯಾರೂ ಬಂದು 'ನನ್ನ ಟವೆಲ್ ಎಲ್ಲಿ' ಅಂತ ಕೇಳದೆ ಇರೋ ಜಾಗ ಇದೊಂದೇ ಸಿಕ್ಕಿದ್ದು ಅನ್ನೋ ಹಾಗಿತ್ತು ಮುಖ. ತಲೆ ತಗ್ಗಿಸಬೇಡಿ, ತಮಾಷೆಗೆ ಅಂದೆ. ಅಲ್ಲಿ ನೋಡಿ, ಕೈ ಬೀಸ್ತಿದ್ದಾರೆ. ನಿಮ್ಮನ್ನೇ ಕರೀತಿದ್ದಾರೆ.

ಹೆಬ್ಬೆರಳು ಯಾಕೆ ಎತ್ತಿದ್ರಿ? ಅದು ಧೈರ್ಯದ ಗುರುತಾ? ನಟನೆ ಬೇಡ ನನ್ನ ಹತ್ರ. ಮುಂದೆ ಬಗ್ಗೋದು ಬೇರೆ. ಹಿಂದಕ್ಕೆ ಬನ್ನಿ ಸ್ವಲ್ಪ. ಹಾ, ಹಾಗೆ.

ಅವಸರ ಇಲ್ಲ ಅಂದ್ರೂ ಸ್ವಲ್ಪ ಇದೆ ಅಂತ ಇಟ್ಟುಕೊಳ್ಳಿ. ಇವತ್ತು ನಮ್ಮ ಮೊದಲ ದಿನ. ನೀವು ಕೊನೇ ಗಿರಾಕಿ. ಇಷ್ಟು ಹೊತ್ತು ಮೇಲೆ ನಿಂತು ಎಲ್ಲರನ್ನ ಕಳಿಸಿದವನು ಬಟನ್. ಅದೇ, ಬೋಳುತಲೆ, ದಪ್ಪ ಮೀಸೆ. ನಮ್ಮನೆಯವರ ಜೊತೆ ಲಿಫ್ಟ್ ಕೆಲಸಕ್ಕಿದ್ದವನು. ಎಲ್ಲಾ ಮಹಡಿ ಬಟನ್ ಒಟ್ಟಿಗೆ ಒತ್ತಿ ಮಜಾ ನೋಡ್ತಿದ್ದ ಅಂತ ಆ ಹೆಸರು. ಅವನಿನ್ನೂ ಅದೇ ಕೆಲಸದಲ್ಲಿದ್ದಾನೆ, ನಾಳೆಯಿಂದ ರಜೆ ಇಲ್ಲ. ಈ ವ್ಯಾಪಾರಕ್ಕೆ ಇಬ್ಬರು ಬೇಕೇ ಬೇಕು, ಕೆಳಗೆ ಹಿಡಿಯೋಕೆ ಒಬ್ಬರು, ಮೇಲಿಂದ ಕಳಿಸೋಕೆ ಒಬ್ಬರು. ಕೆಳಗೆ ಇವರಿದ್ದಾರೆ. ಮೇಲೆ? ಅದಕ್ಕೇ ಬಟನ್‌ಗೆ ಟೀ ಮಾಡೋ ನೆಪ ಹೇಳಿ ಇಳಿಸಿಕೊಂಡ್ರು. ಕೊನೆಯವರನ್ನ ನೀನು ಕಳಿಸು ಅಂದ್ರು ನನಗೆ. ಆಗಲಿಲ್ಲ ಅಂದ್ರೆ ಹಗ್ಗ ಸುತ್ತಿಟ್ಟು, ಬೋರ್ಡ್ ಇಳಿಸಿ, ಮತ್ತೆ ಲಿಫ್ಟಿನ ಬಾವಿಗೇ ಹೋಗ್ತೀನಿ, ನಿನ್ನ ಮೇಲೆ ಬೇಜಾರಿಲ್ಲ ಅಂದ್ರು. ಬೇಜಾರಿಲ್ಲ ಅಂತ ಹೇಳೋ ಗಂಡಸರನ್ನ ನಂಬಬಾರದು. ನೋಡಿ, ನೀವು ಹೀಗೆ ಹೆದರಿ ಕೂತ್ರೆ ಒಬ್ಬ ಮನುಷ್ಯನ ಅನ್ನ ಹೋಗುತ್ತೆ. ನನಗೇನು, ನಾನು ತಯಾರು. 'ಸಡಿಲ' ಅಂತ ಕೆಳಗೆ ಕೂಗಿದ್ರೆ ಆಯ್ತು, ನನ್ನ ಕೆಲಸ ಮುಗೀತು. ಕಷ್ಟ ಏನಿದೆ ಅದರಲ್ಲಿ? ಮೂರು ಅಕ್ಷರ.

ಆ ಕಾಗದ ಯಾಕೆ ತೆಗೆದ್ರಿ ಜೇಬಿಂದ? ನಮ್ಮ ಪ್ರಚಾರದ ಹಾಳೆ. ಗಾಳಿಗೆ ಹಾರಿಹೋಗುತ್ತೆ, ಒಳಗಿಡಿ. ಹೌದು, ಚಿತ್ರದಲ್ಲಿ ಹಗ್ಗಕ್ಕೆ ನೇತಾಡ್ತಾ ನಗ್ತಿರೋದು ನಮ್ಮ ಮಗಳೇ. ಗುರುತು ಸಿಕ್ತಾ? ಸಿಗದೆ ಏನು, ಆ ಹಲ್ಲು ನಿಮ್ಮದೇ ಕೆಲಸ. ಒಂದರ ಮೇಲೊಂದು ಹತ್ತಿ ಕೂತಿದ್ದವು, ಬಸ್ಸಲ್ಲಿ ಸೀಟು ಸಿಗದೋರ ಥರ. ನೀವು ತಂತಿ ಹಾಕಿ ಸಾಲಾಗಿ ನಿಲ್ಲಿಸಿದ್ರಿ. ತಂತಿ ಬಿಗಿ ಮಾಡಿದ ದಿನವೆಲ್ಲ ಮೂಗಲ್ಲೇ ಮಾತಾಡ್ತಿದ್ದಳು, ನಾನು ಅಣಕಿಸಿದ್ರೆ ನಗೋಕೂ ಆಗದೆ ಕಣ್ಣಲ್ಲಿ ನೀರು. ತೆಗೆದ ಮೇಲೆ ನಗೋದು ನಿಲ್ಲಿಸಲೇ ಇಲ್ಲ. ಹಲ್ಲಿಗೆ ಹಾಕಿದ ದುಡ್ಡು ವಾಪಸ್ ಬರಬೇಕು ಅಂತ ನಗ್ತೀನಿ ಅಮ್ಮಾ, ಅಂತಿದ್ದಳು.

ಏನು? ಹುಬ್ಬು ಯಾಕೆ ಎತ್ತಿದ್ರಿ? ಎಲ್ಲಿ ಅಂತಾನಾ? ಇವತ್ತು ಬಂದಿಲ್ಲ. ಕೆಲಸ. ಬೇರೆ ಊರು. ದೂರ. ಅದು ಬಿ… ಎದುರಿಗೆ ನೋಡಿ ಅಂದೆನಲ್ಲ.

ತಿರುಗಬೇಡಿ. ಯಾಕೆ ತಿರುಗಿದ್ರಿ? ನನ್ನ ಮುಖದಲ್ಲಿ ಏನೂ ಬರೆದಿಲ್ಲ. ಗಾಳಿ, ಕಣ್ಣಿಗೆ ಧೂಳು ಬಿತ್ತು. ಕ್ವಾರಿ ಧೂಳು. ಹಾಗೆ ನೋಡಬೇಡಿ ಡಾಕ್ಟ್ರೇ, ಮಾತಾಡದೆ ಇರೋರು ಹಾಗೆ ನೋಡಬಾರದು.

ಏನು ನೋಡ್ತಿದ್ದೀರಿ ಕೆಳಗೆ? ಸೊಂಟದ ಹತ್ರ ಏನಿದೆ?

ಓ.

ಕೈ.

ಇದು ಎಷ್ಟು ಹೊತ್ತಿಂದ ಹೀಗಿದೆ? ಬೆರಳೆಲ್ಲ ಬೆಳ್ಳಗಾಗಿದೆ. ನಿಮ್ಮ ಬೆಲ್ಟು… ಇಷ್ಟು ಗಟ್ಟಿಯಾಗಿ ಹಿಡಿದಿದ್ದೀನಿ ಅಂತ ನನಗೆ… ಮೊದಲಿಂದಾನಾ? ಬಟನ್ ಇಳಿದಾಗಿನಿಂದಾನಾ? ಹಾಗಾದ್ರೆ ನೀವು ನಡುಗಿದ್ದು ನಡುಕ ಅಲ್ಲ. ಮುಂದೆ ಬಗ್ಗಿದ್ದು, ಹೆಬ್ಬೆರಳು ಎತ್ತಿದ್ದು, ಎಲ್ಲ… ನೀವು ಆಗಲೇ ತಯಾರಾಗಿದ್ರಿ. ಎಳೀತಾ ಇದ್ದದ್ದು ನಾನು. ಒಂದು ಮಾತು ಹೇಳಬಾರದಾ? ಹಾ, ಮಾತಾಡಬಾರದು ಅಂದೋಳೂ ನಾನೇ.

ನಗಬಹುದು ನೀವು ಈಗ. ನಗ್ತಿಲ್ಲ ಯಾಕೆ?

ಬೇರೆ ಊರಲ್ಲಿಲ್ಲ ಅವಳು. ಹೋದ ವರ್ಷ ನನ್ನ ಹಲ್ಲು ಕೀಳೋವಾಗ ನೀವು ಕೇಳಿದ್ದು ಅದೇ, ಮಗಳು ಹೇಗಿದ್ದಾಳೆ ಅಂತ. ಬಾಯಲ್ಲಿ ಹತ್ತಿ. ನಾನು 'ಆಂ' ಅಂದೆ. ಒಳ್ಳೇದು ಅಂದ್ರಿ. ಎದ್ದು ಬಾಯಿ ಮುಕ್ಕಳಿಸಿ ಹೇಳಬಹುದಿತ್ತು. ಆದ್ರೆ ಇಡೀ ಪ್ರಪಂಚದಲ್ಲಿ ಒಬ್ಬರಾದ್ರೂ ಅವಳು ಚೆನ್ನಾಗಿದ್ದಾಳೆ ಅಂತ ತಿಳ್ಕೊಂಡಿದ್ದಾರಲ್ಲ, ಇರಲಿ ಅನ್ನಿಸ್ತು. ಅದಕ್ಕೇ ಇವತ್ತು ಬೆಳಿಗ್ಗೆ ನೀವು ಕಾರಿಂದ ಇಳಿದಾಗ ನನಗೆ ಸಂತೋಷಾನೂ ಆಯ್ತು, ಎಲ್ಲಾದ್ರೂ ಓಡಿಹೋಗೋಣ ಅಂತಲೂ ಅನ್ನಿಸ್ತು.

ಬಂಡೆಯಿಂದ ಅಲ್ಲ. ಹಾಗಂದ್ಕೊಂಡ್ರಾ? ಎಲ್ಲರೂ ಮೊದಲು ಅದನ್ನೇ ಅಂದ್ಕೊಳ್ಳೋದು. ಎಷ್ಟು ಬಂಡೆ ಇಳಿದಳು, ಎಷ್ಟು ಹೊಳೆ ದಾಟಿದಳು, ಹಗ್ಗ ಕೈ ಕೊಡಲಿಲ್ಲ, ಕಲ್ಲು ಕೈ ಕೊಡಲಿಲ್ಲ. ಸೊಳ್ಳೆ. ಮನೇಲಿ, ತನ್ನ ಮಂಚದಲ್ಲಿ ಮಲಗಿದ್ದವಳಿಗೆ ಒಂದು ಸೊಳ್ಳೆ. ಜ್ವರ ಬಂತು, ವಾರದೊಳಗೆ ಮುಗೀತು. ಅಷ್ಟು ಧೈರ್ಯ ತುಂಬಿಟ್ಟುಕೊಂಡಿದ್ದ ಹುಡುಗಿಗೆ ದೇವರು ಕೊಟ್ಟ ಸವಾಲು ನೋಡಿ, ಎಂಥ ಯೋಗ್ಯತೆಯದು.

ಆಸ್ಪತ್ರೇಲಿ ನಾನು ಅವಳ ಕೈ ಹಿಡ್ಕೊಂಡು ಕೂತಿದ್ದೆ. ಹೀಗೇ. ಒಬ್ಬಳು ನರ್ಸ್ ಬಂದಳು, ನಮ್ಮ ಮಗಳ ವಯಸ್ಸಿನವಳೇ. ಪಾಪ, ಅವಳಿಗೂ ಹೇಗೆ ಹೇಳಬೇಕು ಅಂತ ಗೊತ್ತಿಲ್ಲ. "ಅಮ್ಮಾ, ಇನ್ನು ಕೈ ಬಿಡಿ" ಅಂದಳು. ಬಿಟ್ಟೆ. ಒಂದೇ ಮಾತಿಗೆ, ಆ ಮೋಟರಿನವನ ಥರ. ಈಗ ಹೊಲಿಗೆ ಮೆಷಿನ್ ಮುಂದೆ ಕೂತಾಗ ಒಂದೊಂದು ಸಲ ಅನ್ನಿಸುತ್ತೆ, ಆ ನರ್ಸ್ 'ಬಿಡಬೇಡಿ' ಅಂದಿರಬಹುದಾ, ಬಾಲ ನನಗೆ ಕೇಳಿಸಲಿಲ್ಲವಾ ಅಂತ. ಹುಚ್ಚು, ಗೊತ್ತು. ಆಸ್ಪತ್ರೆಯೊಳಗೆ ಗಾಳಿ ಎಲ್ಲಿಂದ ಬರಬೇಕು.

ಕೆಳಗೆ ನೋಡಿ. ಅಲ್ಲ, ಈಗ ನೋಡಬಹುದು. ನಮ್ಮನೆಯವರು ತಲೆ ಎತ್ತಿ ನಿಂತಿದ್ದಾರೆ, ಎರಡೂ ಕೈಯಲ್ಲಿ ಹಗ್ಗ. ಇಷ್ಟು ಹೊತ್ತಾಯ್ತು, ಒಂದು ಸಲಾನೂ 'ಯಾಕೆ ತಡ' ಅಂತ ಕೂಗಿದ್ರಾ? ಇಲ್ಲ. ಅವರಿಗೆ ಗೊತ್ತಿತ್ತು. ಬಟನ್‌ಗೂ ಗೊತ್ತಿತ್ತು. ಅವನ ಟೀ ಆರಿ ತಣ್ಣಗಾಗಿರುತ್ತೆ. ಇಡೀ ಕ್ವಾರೀಲಿ ಗೊತ್ತಿಲ್ಲದೆ ಇದ್ದೋಳು ಒಬ್ಬಳೇ. ಒಬ್ಬೊಬ್ಬರಿಗೂ ಅವರವರ ಹೆದರಿಕೆ ನೋಡಿ ಸವಾಲು ಕೊಡ್ತಾರಂತೆ. ನನ್ನ ಗಂಡ, ಕಳ್ಳ, ನನಗೆ ರಸೀದಿ ಕೊಡದೆ ಸೇರಿಸಿಕೊಂಡಿದ್ದಾರೆ.

ಬೇಡ, ನೀವು ಬೆರಳು ಬಿಡಿಸಬೇಡಿ. ನಿಮ್ಮದು ಕೀಳೋ ಕೈ, ಅಭ್ಯಾಸ ಇದೆ, ಗೊತ್ತು. ಸುಮ್ಮನೆ ಮೇಲಿಟ್ಟಿದ್ದೀರಾ? ಹಾಗಾದ್ರೆ ಇರಲಿ. ಒಂದು ಕ್ಷಣ ಇರಲಿ. ಬಿಡ್ತೀನಿ, ನಾನೇ ಬಿಡ್ತೀನಿ. ಕೇಳಿಸಿತಾ, ಹಗ್ಗದ ಹತ್ರ ಪೂರ್ತಿ ಮಾತು ಆಡಿದೆ, ಏನೂ ಬೀಳಲಿಲ್ಲ.

ಕಣ್ಣು ಮುಚ್ಚೋದು ಬೇಡ. ನಿಮಗಲ್ಲ, ನನಗೆ ಹೇಳಿಕೊಂಡೆ. ಎದುರಿಗೆ ನೋಡಿ, ಬೆನ್ನು ಸಡಿಲ, ಕಾಲು ಬಂಡೆಗೆ. ನೋವಾಗಲ್ಲ ಡಾಕ್ಟ್ರೇ. ಇರುವೆ ಕಚ್ಚಿದ ಹಾಗೆ, ಅಷ್ಟೇ.

ರೀ… ಕೇಳಿಸ್ತಾ? ಸಡಿಲ!